ಅತ್ತೆಯ ಎದೆನೋವು

ಕಾರು ಕಲಿಯಲು ಬಂದವರೆಲ್ಲ ಅವಳನ್ನು ಬೆನ್ನ ಹಿಂದೆ ಬ್ರೇಕಮ್ಮ ಎಂದು ಕರೆಯುತ್ತಿದ್ದರು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದಲ್ಲ, ಅದನ್ನು ಅವಳಷ್ಟು ಧಾರಾಳವಾಗಿ ಒತ್ತುವವರು ಬೇರೊಬ್ಬರಿರಲಿಲ್ಲ. ಎದುರಿನವನು ತಾನಾಗಿಯೇ ಪಕ್ಕಕ್ಕೆ ಸರಿಯುತ್ತಾನೆ ಎಂದು ನಂಬಿಕೊಂಡು ಹೋಗುವವರನ್ನು ಕಂಡರೆ ಅವಳಿಗೆ ಮೈಯುರಿ. "ಅವನು ಸರೀತೀನಿ ಅಂತ ನಿಮಗೆ ಫೋನ್ ಮಾಡಿ ಹೇಳಿದ್ನಾ?" ಎಂದು ಗದರುತ್ತಿದ್ದಳು. ಬೈಸಿಕೊಂಡವರೂ ಇಳಿಯುವಾಗ ನಗುನಗುತ್ತಲೇ ಇಳಿಯುತ್ತಿದ್ದರು. ಅವಳ ಬೈಗುಳ ಅಂಥದ್ದು.

ಶಾಲೆ ಕಟ್ಟಿದವರು ಅವಳ ಅಪ್ಪ. ಮುಖ್ಯರಸ್ತೆಯ ಮಗ್ಗುಲಲ್ಲಿ ಒಂದು ಕೋಣೆ, ಗೋಡೆ ತುಂಬ ರಸ್ತೆಯ ಚಿಹ್ನೆಗಳ ಪಟ, ಹೊರಗೆ ಎರಡು ಹಳೆಯ ಕಾರು. ಅಪ್ಪನ ಮೊಣಕಾಲು ಮುಷ್ಕರ ಹೂಡಿದ ಮೇಲೆ ಎರಡು ಕಾರೂ ಮಗಳ ಕೈಗೆ ಬಂದವು. ಅಪ್ಪ ಕೋಣೆಯಲ್ಲಿ ಕೂತು ಫೋನು ಎತ್ತುವುದು, ಮಗಳ ಮೇಲೆ ಬರುವ ದೂರುಗಳಿಗೆ ಸಮಾಧಾನ ಹೇಳುವುದು, ಇಷ್ಟು ನೋಡಿಕೊಳ್ಳುತ್ತಿದ್ದರು.

ಅವಳಿಗೆ ಮೂವತ್ತು ದಾಟಿ ಸ್ವಲ್ಪವೇ ಆಗಿತ್ತು. ಎತ್ತರದ ಹೆಂಗಸು, ಅಗಲವಾದ ಭುಜ, ಬೀದಿಯ ಆ ತುದಿಗೂ ಕೇಳುವ ನಗು. ನೆಂಟರು ಮನೆಗೆ ಬಂದಾಗಲೆಲ್ಲ, "ಥೇಟ್ ಅವಳ ಅತ್ತೆಯೇ ಎದ್ದು ಬಂದ ಹಾಗಿದೆ ನೋಡು" ಎನ್ನುತ್ತಿದ್ದರು. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡನ ಮನೆಯಿಂದ ಕಾಯಿಲೆ ಹೊತ್ತುಕೊಂಡು ತವರಿಗೆ ಬಂದು, ಹಿಂದಿನ ಕೋಣೆಯಲ್ಲಿ ಮಲಗಿದವಳು ಮತ್ತೆ ಏಳಲಿಲ್ಲ. ಆಗ ಇವಳು ಇನ್ನೂ ಬಚ್ಚಲಿಗೆ ಒಬ್ಬಳೇ ಹೋಗಲು ಹೆದರುವ ವಯಸ್ಸಿನವಳು. ಅತ್ತೆಗೆ ಏನಾಗಿತ್ತು ಎಂದು ಕೇಳಿದರೆ ಮನೆಯಲ್ಲಿ ಎಲ್ಲರದೂ ಒಂದೇ ಉತ್ತರ: ಎದೆನೋವು. ಅಪ್ಪನ ಅಮ್ಮ, ಅಂದರೆ ಅಜ್ಜಿ, ಅವರು ಹೋದದ್ದೂ ಅದರಿಂದಲೇ. ಅದೂ ತಲೆಗೂದಲು ನೆರೆಯುವ ಮೊದಲೇ.

ಹಾಗಾಗಿ ಬ್ರೇಕಮ್ಮ ತನ್ನ ಹೃದಯವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಕರಿದದ್ದು ಮುಟ್ಟುತ್ತಿರಲಿಲ್ಲ, ಬೆಳಿಗ್ಗೆ ಕೆರೆ ಏರಿಯ ಮೇಲೆ ಬಿರುಸಾಗಿ ನಡೆಯುತ್ತಿದ್ದಳು, ವರ್ಷಕ್ಕೊಮ್ಮೆ ತಪ್ಪದೆ ಇಸಿಜಿ ಮಾಡಿಸುತ್ತಿದ್ದಳು.

ಆ ವರ್ಷವೂ ಮಾಡಿಸಿದಳು. ಮಾಡಿಸಿ ನೇರ ತವರಿಗೆ ಬಂದಾಗ ಅಮ್ಮ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ದೊಡ್ಡ ಹೊದಿಕೆಯ ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು ಇನ್ನೊಂದು ತುದಿ ತಾನು ಹಿಡಿದಳು. ಇಬ್ಬರೂ ಮಡಿಚತೊಡಗಿದರು.

"ನನ್ನ ಎದೆ ಕಲ್ಲಿನ ಹಾಗೆ ಗಟ್ಟಿ ಇದೆಯಂತಮ್ಮ. ಅತ್ತೆ ತರ ಆಗಲ್ಲ ಬಿಡು ನನಗೆ," ಎಂದಳು ಮಗಳು.

ಅಮ್ಮನ ಕೈ ನಿಂತಿತು. ಹೊದಿಕೆ ಇಬ್ಬರ ನಡುವೆ ಜೋತುಬಿತ್ತು.

"ಅದು ಆ ಎದೆ ಅಲ್ಲ ಕಣೇ."

"ಯಾವ ಎದೆ ಅಲ್ಲ?"

ಅಮ್ಮ ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. ತನ್ನ ಬಲಗೈ ಎತ್ತಿ ಎಡಮೊಲೆಯ ಮೇಲೆ ಇಟ್ಟುಕೊಂಡಳು.

ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹೊದಿಕೆಯನ್ನು ಹಾಗೇ ನೆಲಕ್ಕೆ ಬಿಟ್ಟಳು.

"ಅತ್ತೆಗಾ?"

"ಅವರಿಗೂ. ನಿನ್ನ ಅಜ್ಜಿಗೂ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನಿನ್ನ ಅಜ್ಜಿ ಇರಲಿಲ್ಲ, ಆದ್ರೆ ಕೆಲಸದವಳು ಹೇಳಿದ್ಲು. ನಿನ್ನ ಅತ್ತೆಯ ಗಾಯ ತೊಳೀತಿದ್ದವಳು ನಾನೇ. ಹೊರಗೆ ಬಾಯಿ ಬಿಡಬಾರದು ಅಂತ ನಿನ್ನ ದೊಡ್ಡಪ್ಪ ಹೇಳಿದ್ರು. ಮನೇಲಿ ಇನ್ನೊಬ್ಬ ತಂಗಿ ಮದುವೆ ಆಗಬೇಕಿತ್ತಲ್ಲ. ಯಾರಾದ್ರೂ ಕೇಳಿದ್ರೆ ಎದೆನೋವು ಅನ್ನಿ, ಸುಳ್ಳೇನಲ್ವಲ್ಲ, ಅಂದ್ರು."

"ಮದುವೆ ಆಗಿ ಎಷ್ಟು ಕಾಲ ಆಯ್ತಮ್ಮ! ಆಮೇಲಾದ್ರೂ ಹೇಳಬಹುದಿತ್ತಲ್ಲ!"

"ಅಭ್ಯಾಸ ಆಗಿಹೋಗಿತ್ತು," ಎಂದಳು ಅಮ್ಮ. ಬಗ್ಗಿ ಹೊದಿಕೆ ಎತ್ತಿಕೊಂಡು, ಅಂಟಿದ ಧೂಳನ್ನು ಕೊಡವಿದಳು. "ನೀನು ಪ್ರತಿ ವರ್ಷ ಹಾರ್ಟು ತೋರಿಸ್ಕೊಂಡು ಬಂದು ಕುಣೀತಿದ್ದೆ. ಇವತ್ತು ತಡಕೊಳ್ಳೋಕೆ ಆಗಲಿಲ್ಲ."

ಬ್ರೇಕಮ್ಮನಿಗೆ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ತಾನು ಕಾವಲು ಕೂತದ್ದು ಬೇರೆ ಯಾವುದೋ ಮನೆಯ ಬಾಗಿಲಲ್ಲಿ! ಕೂರಿಸಿದವರು ಹೊರಗಿನವರಲ್ಲ, ಸ್ವಂತ ಮನೆಯವರೇ.

ಮರುದಿನ ಅವಳು ಮನೆ ಪಕ್ಕದ ಕ್ಲಿನಿಕ್ಕಿಗೆ ಹೋದಳು. ಅಲ್ಲಿನ ಡಾಕ್ಟರು ಕೆಟ್ಟವರೇನಲ್ಲ. ನೆಗಡಿಯಿಂದ ಹಿಡಿದು ಮೂಳೆ ಮುರಿತದವರೆಗೆ ಬೀದಿಯ ಎಲ್ಲರ ಮೈಯೂ ಅವರಿಗೆ ಗೊತ್ತು. ಅವಳ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗಂಟು ಗಿಂಟು ಏನಾದ್ರೂ ಸಿಕ್ಕಿದೆಯಾ?"

"ಇಲ್ಲ."

"ನಿಮ್ಮ ತಾಯಿಗೆ, ತಾಯಿಯ ಅಕ್ಕತಂಗಿಯರಿಗೆ?"

"ಇಲ್ಲ. ತಂದೆ ಕಡೆ. ಅತ್ತೆಗೆ, ಅಜ್ಜಿಗೆ."

"ಅಯ್ಯೋ, ತಂದೆ ಕಡೇದು ತಾನೇ? ಮತ್ಯಾಕೆ ತಲೆ ಕೆಡಿಸ್ಕೊಳ್ತೀರಿ? ನಿಮಗಿನ್ನೂ ಚಿಕ್ಕ ವಯಸ್ಸು. ನಲವತ್ತಾಗಲಿ, ಆಮೇಲೆ ನೋಡೋಣ."

"ನನ್ನ ಅತ್ತೆ ನಲವತ್ತು ನೋಡಲೇ ಇಲ್ಲ ಡಾಕ್ಟ್ರೇ."

ಅವರು ನಕ್ಕು, ನೀವು ಸುಮ್ಮನೆ ಗಾಬರಿ ಆಗ್ತಿದ್ದೀರಿ, ನಿದ್ದೆ ಸರಿಯಾಗಿ ಮಾಡಿ ಎಂದು ಹೇಳಿ ಮುಂದಿನವರನ್ನು ಕರೆಯಲು ಗಂಟೆಯತ್ತ ಕೈ ಚಾಚಿದರು. ಅವಳು ಆ ಗಂಟೆಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಒಂದು ಉಪಕಾರ ಮಾಡಿ. ಇವಳು ಬಂದಿದ್ದಳು, ಮನೆಯಲ್ಲಿ ಇಬ್ಬರು ಸತ್ತಿದ್ದಾರೆ ಅಂತ ಹೇಳಿದಳು, ಪರೀಕ್ಷೆ ಬೇಕು ಅಂತ ಕೇಳಿದಳು, ನಾನು ಬೇಡ ಅಂದೆ. ಇಷ್ಟು ಬರೆದು ಸಹಿ ಹಾಕಿ ಕೊಡಿ. ನಾನು ಎದ್ದು ಹೋಗ್ತೀನಿ."

"ಇದೇನು ಹಠ?"

"ಹಠ ಅಂತಲೂ ಬೇಕಾದ್ರೆ ಬರೀರಿ."

ಹೊರಗೆ ಕಾದಿದ್ದವರು ಕೆಮ್ಮತೊಡಗಿದರು. ಡಾಕ್ಟರು ಅವಳ ಮುಖ ನೋಡಿದರು, ಅವಳ ತೊಡೆಯ ಮೇಲಿದ್ದ ಗಂಟೆ ನೋಡಿದರು. ಕೊನೆಗೆ ಪೆನ್ನು ಎತ್ತಿಕೊಂಡು ದೊಡ್ಡ ಆಸ್ಪತ್ರೆಯ ಸ್ತನ ವಿಭಾಗಕ್ಕೆ ಒಂದು ಚೀಟಿ ಬರೆದುಕೊಟ್ಟರು. ಅವಳು ಗಂಟೆಯನ್ನು ಮೇಜಿನ ಮೇಲಿಟ್ಟು, ತಾನೇ ಒಮ್ಮೆ ಬಾರಿಸಿ, ಮುಂದಿನವರನ್ನು ಒಳಗೆ ಕಳಿಸಿದಳು.

ದೊಡ್ಡ ಆಸ್ಪತ್ರೆಯ ಡಾಕ್ಟರು ಇವಳಿಗಿಂತ ವಯಸ್ಸಿನಲ್ಲಿ ಕೊಂಚ ದೊಡ್ಡ ಹೆಂಗಸು. ಗಂಟಲು ಕೂತುಹೋಗಿತ್ತು, ಬಿಸಿನೀರು ಗುಟುಕರಿಸುತ್ತಾ ಮಾತಾಡಿದರು. ಅವರು ನಗಲಿಲ್ಲ. ಅತ್ತೆಗೆ ಆಗ ಎಷ್ಟು ವಯಸ್ಸು, ಅಜ್ಜಿಗೆ ಎಷ್ಟು, ಅಜ್ಜಿಯ ಅಕ್ಕತಂಗಿಯರಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳುತ್ತಾ ಹೋದರು.

"ತಂದೆ ಕಡೆ ಆದ್ರೆ ಬರಲ್ಲ ಅಂದ್ರಲ್ಲ?" ಎಂದಳು ಇವಳು.

"ಯಾರು ಅಂದ್ರು? ನಿಮ್ಮಲ್ಲಿ ಅರ್ಧ ತಂದೆಯದೇ ಅಲ್ವಾ? ಮೂಗು ಬರುತ್ತೆ, ಎತ್ತರ ಬರುತ್ತೆ, ಇದು ಮಾತ್ರ ದಾರೀಲಿ ಇಳಿದುಹೋಗುತ್ತಾ?" ಎಂದು ಒಂದು ಗುಟುಕು ಕುಡಿದರು. "ನೋಡಿ, ಚಿಕ್ಕ ವಯಸ್ಸಿನ ಎಲ್ಲ ಹೆಂಗಸರನ್ನೂ ಹಿಡಿದು ಸ್ಕ್ಯಾನ್ ಮಾಡಿ ಅಂತ ನಾನು ಹೇಳಲ್ಲ. ಅದರ ಅಗತ್ಯ ಇಲ್ಲ, ಸುಮ್ಮನೆ ಹೆದರಿಕೆ ಜಾಸ್ತಿ. ಆದ್ರೆ ಪ್ರತಿಯೊಬ್ಬಳೂ ಇಪ್ಪತ್ತೈದು ದಾಟೋ ಹೊತ್ತಿಗೆ ತನ್ನ ಮನೆಯ ಕಥೆ ತಿಳ್ಕೊಂಡಿರಬೇಕು. ಎರಡೂ ಕಡೆಯದು. ನಿಮ್ಮಂಥ ಮನೆಯವರಿಗೆ ನಲವತ್ತರವರೆಗೆ ಕಾಯಿರಿ ಅನ್ನೋದು ತಪ್ಪು."

ಈ ವಯಸ್ಸಿನವರಿಗೆ ಮ್ಯಾಮೊಗ್ರಾಂ ಒಂದೇ ಸಾಲದು ಎಂದೂ ಹೇಳಿದರು. ಒಳಗಿನ ಅಂಗಾಂಶ ದಟ್ಟವಾಗಿರುತ್ತದೆ, ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಗಡ್ಡೆಯೂ ಬೆಳ್ಳಗೇ ಕಾಣುತ್ತದೆ.

"ಮಂಜಿನಲ್ಲಿ ಬಿಳೀ ಕಾರು ಬಂದ ಹಾಗೆ. ಲೈಟೂ ಹಾಕದೆ," ಎಂದಳು ಬ್ರೇಕಮ್ಮ.

"ಸರಿಯಾಗಿ ಹೇಳಿದ್ರಿ. ಅದಕ್ಕೇ ಎಂಆರ್‌ಐ ಕೂಡ ಮಾಡೋಣ. ವಂಶದಲ್ಲಿ ಬಂದಿದೆಯಾ ಅಂತ ರಕ್ತ ಪರೀಕ್ಷೆಯನ್ನೂ ಮಾಡೋಣ. ನೀವು ನಿಮ್ಮ ತಂದೆಯನ್ನ ಕೇಳ್ಕೊಂಡು ಬನ್ನಿ, ಅವರ ಕಡೆ ಇನ್ಯಾರ್ಯಾರು ಅಂತ."

ಅಪ್ಪನನ್ನು ಕೇಳುವುದು ಅಷ್ಟು ಸಲೀಸಲ್ಲ. ರಸ್ತೆಯ ವಿಷಯಕ್ಕೆ ದಿನವಿಡೀ ಮಾತಾಡಬಲ್ಲ ಮನುಷ್ಯ, ಮನೆಯ ವಿಷಯ ಬಂದರೆ ಪೇಪರು ತೆಗೆದು ಮುಖ ಮುಚ್ಚಿಕೊಳ್ಳುತ್ತಿದ್ದರು. ಅದಕ್ಕೇ ಅವಳು ಪೇಪರು ಇಲ್ಲದ ಜಾಗ ಹುಡುಕಿದಳು. ಕ್ಲಚ್ಚು ಯಾಕೋ ಸದ್ದು ಮಾಡುತ್ತಿದೆ, ಒಂದು ಸುತ್ತು ಬಂದು ನೋಡಿ ಎಂದು ಕರೆದಳು. ಅಪ್ಪ ಹಳೇ ಹುರುಪಿನಲ್ಲಿ ಬಂದು ಕಲಿಸುವವರ ಸೀಟಿನಲ್ಲಿ ಕೂತರು. ಅವಳು ಗಾಡಿ ತೆಗೆದಳು.

"ಸದ್ದೇನೂ ಇಲ್ವಲ್ಲ," ಎಂದರು ಅಪ್ಪ, ಕಿವಿ ಕೊಟ್ಟು ಕೇಳಿ.

"ಇಲ್ಲ. ಅಪ್ಪ, ಅಜ್ಜಿಗೆ, ಅತ್ತೆಗೆ ಮೊಲೆ ಕ್ಯಾನ್ಸರ್ ಇತ್ತಂತೆ. ಇನ್ಯಾರಿಗಿತ್ತು?"

ಅಪ್ಪನ ಮುಖ ಹುಳ್ಳಗಾಯಿತು. "ಇದೆಲ್ಲ ಯಾರು ಹೇಳಿದ್ದು? ಮನೆಗೆ ನಡಿ."

"ನೀವು ಹೇಳೋವರೆಗೂ ಗಾಡಿ ಮನೆ ಕಡೆ ತಿರುಗಲ್ಲ."

ಅವರ ಬೀದಿಯ ತಿರುವು ಬಂತು, ಹೋಯಿತು. ಮಾರುಕಟ್ಟೆ ಬಂತು. ರೈಲ್ವೆ ಗೇಟು ಬಂತು. ಅಪ್ಪ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಸೇತುವೆ ಏರುವಾಗ ಇದ್ದಕ್ಕಿದ್ದಂತೆ ತಮ್ಮ ಕಾಲ ಕೆಳಗಿನ ಬ್ರೇಕನ್ನು ಒತ್ತಿಬಿಟ್ಟರು. ಕಾರು ಮುಗ್ಗರಿಸಿ, ಇಂಜಿನ್ ಆರಿ, ಸೇತುವೆಯ ಮಧ್ಯದಲ್ಲಿ ನಿಂತಿತು. ಹಿಂದಿನಿಂದ ಹಾರನ್ನುಗಳ ಮಳೆ.

"ಅಜ್ಜಿಯ ತಂಗಿಗೂ," ಎಂದರು ಅಪ್ಪ. "ಅವಳ ಮಗಳೊಬ್ಬಳಿಗೂ ಇತ್ತು ಅಂತ ಕೇಳಿದ್ದೆ. ನಾಲ್ಕು ಜನ. ಸಾಕಾ?"

"ಸಾಕು."

"ನಮ್ಮ ಕಡೇದು ನಿನಗೆ ಹೇಗೆ ಬರುತ್ತೆ ಅಂತ ನಾನು ಧೈರ್ಯವಾಗಿದ್ದೆ. ನೀನು ಬೇರೆ ಮನೆಗೆ ಹೋದವಳು..."

"ಮದುವೆ ಆದ್ರೆ ರಕ್ತ ಬದಲಾಗುತ್ತಾ ಅಪ್ಪ?"

ಯಾರೋ ಕಿಟಕಿ ತಟ್ಟಿ, ಕಾರಿನ ಮೇಲಿನ ಬೋರ್ಡು ತೋರಿಸಿ, "ಕಲಿಸೋರಿಗೇ ಹೀಗಾದ್ರೆ ಕಲಿಯೋರ ಗತಿಯೇನು!" ಎಂದು ಕೂಗಿ ಹೋದರು. ಅವಳು ಗಾಡಿ ಚಾಲೂ ಮಾಡುವಷ್ಟರಲ್ಲಿ ಅಪ್ಪ ಅವಳ ಮಣಿಕಟ್ಟು ಹಿಡಿದುಕೊಂಡರು.

"ನೀನು ತೋರಿಸ್ಕೋ. ಬೇಡ ಅನ್ನಲ್ಲ. ಆದ್ರೆ ಗುಟ್ಟಾಗಿರಲಿ. ನಿನ್ನ ತಂಗಿ ಮದುವೆ ಮಾತು ನಡೀತಿದೆ. ಅದೊಂದು ಮುಗಿದುಹೋಗಲಿ."

ಅವಳು ಅಪ್ಪನ ಕೈಯನ್ನು ಮೆಲ್ಲಗೆ ಬಿಡಿಸಿದಳು. "ಅತ್ತೆಗೆ ಆದಾಗ್ಲೂ ದೊಡ್ಡಪ್ಪ ಇದನ್ನೇ ಹೇಳಿದ್ರಂತಲ್ಲ. ಅದೇ ಮಾತು. ಒಂದಕ್ಷರ ಆಚೀಚೆ ಇಲ್ಲ." ಗಾಡಿಯನ್ನು ಮನೆ ಕಡೆ ತಿರುಗಿಸಿದಳು.

ಎಂಆರ್‌ಐಯಲ್ಲಿ ಎಡಗಡೆ ಹೆಸರುಕಾಳಿನಷ್ಟು ದೊಡ್ಡ ಚುಕ್ಕೆ ಕಂಡಿತು. ಕೈಗೆ ಸಿಗುವಂಥದ್ದಲ್ಲ, ಡಾಕ್ಟರು ಎಲ್ಲಿದೆ ಎಂದು ಗೊತ್ತಿದ್ದೂ ಒತ್ತಿ ನೋಡಿದಾಗ ಸಿಗಲಿಲ್ಲ. ಸೂಜಿ ಹಾಕಿ ತೆಗೆದ ಚೂರು ಕ್ಯಾನ್ಸರೇ ಎಂದು ಬಂತು. ರಕ್ತದಲ್ಲಿ ವಂಶದ ಗುರುತೂ ಇತ್ತು. ಕಂಕುಳ ಗಂಟುಗಳಿಗೆ ಇನ್ನೂ ಹರಡಿರಲಿಲ್ಲ.

ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವಳು ಅತ್ತಳು. ಗಂಡ ಪಕ್ಕದಲ್ಲಿ ಕೂತಿದ್ದ. ಅವನು ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವ. ಮಾತು ಕಡಿಮೆ, ಅಳತೆ ಜಾಸ್ತಿ. "ನಲವತ್ತಾಗಲಿ ಅಂತ ಕಾದಿದ್ರೆ?" ಎಂದಳು ಅವಳು. ಅವನು, "ಕಾಯಲಿಲ್ವಲ್ಲ," ಎಂದ. ಅಷ್ಟೇ ಅಂದದ್ದು. ಅದನ್ನೇ ಅವಳು ಆಮೇಲೆ ಬಹಳ ದಿನ ಮನಸ್ಸಿನಲ್ಲಿ ಜಗಿಯುತ್ತಿದ್ದಳು.

ಎಡಗಡೆಯದು ತೆಗೆಯಲೇಬೇಕಿತ್ತು. ಬಲಗಡೆಯದನ್ನು ಉಳಿಸಿಕೊಂಡು ಕಾಯುತ್ತಾ ಹೋಗಬಹುದು, ಅಥವಾ ಅದನ್ನೂ ತೆಗೆಸಬಹುದು, ಎರಡೂ ಸರಿಯೇ, ನೀವೇ ಯೋಚಿಸಿ ಎಂದರು ಡಾಕ್ಟರು. ಅವಳು ಯೋಚಿಸಿದಳು, ಕನ್ನಡಿಯ ಮುಂದೆ ನಿಂತಳು, ಎರಡೂ ತೆಗೆಸಿದಳು. ಆಮೇಲೆ ಮುನ್ನೆಚ್ಚರಿಕೆಗೆಂದು ಕೊಟ್ಟ ಔಷಧಿಗೆ ಕೂದಲು ಉದುರಿತು, ನಾಲಗೆ ಸತ್ತುಹೋಯಿತು, ಬೈಯಲೂ ಶಕ್ತಿಯಿಲ್ಲದೆ ಮಲಗಿದಳು. ಕಾರುಗಳನ್ನು ಮತ್ತೆ ಅಪ್ಪ ಓಡಿಸಿದರು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು.

ಸುಧಾರಿಸಿಕೊಂಡ ಮೇಲೆ ಗಂಡ ಅವಳ ಅಂಗಿಗಳನ್ನೆಲ್ಲ ಒಯ್ದು ಒಳಗಡೆ ಎರಡೆರಡು ಜೇಬು ಹೊಲಿದು ತಂದ, ಮೆತ್ತೆ ಇಟ್ಟುಕೊಳ್ಳಲು. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಅಷ್ಟು ಚೆನ್ನಾದ ಕೆಲಸ. ಅವಳು ಒಂದನ್ನು ಹಾಕಿಕೊಂಡು ನೋಡಿ, ತೆಗೆದು ಅವನ ಕೈಗೆ ಕೊಟ್ಟಳು.

"ಬಿಚ್ಚಿಬಿಡು."

"ಬೇಡವಾ? ಯಾರಾದ್ರೂ ನೋಡಿದ್ರೆ..."

"ನೋಡಲಿ. ನೋಡಿದವರು ಕೇಳಲಿ. ಕೇಳಿದವರಿಗೆ ನಾನು ಹೇಳ್ತೀನಿ. ನಮ್ಮ ಮನೇಲಿ ಯಾರಿಗೂ ಗೊತ್ತಾಗದ ಹಾಗೆ ಇದ್ದವರೆಲ್ಲ ಸತ್ತೇ ಹೋದ್ರು."

ಅವನು ಒಂದು ಕ್ಷಣ ಅವಳನ್ನು ಅಳತೆ ತೆಗೆಯುವವನಂತೆ ನೋಡಿದ. ಆಮೇಲೆ ಬ್ಲೇಡು ತೆಗೆದುಕೊಂಡು ಕೂತು, ಜೇಬುಗಳನ್ನು ಬಿಚ್ಚಿ, ಎಲ್ಲ ಅಂಗಿಗಳ ಮುಂಭಾಗವನ್ನೂ ಚಪ್ಪಟೆ ಎದೆಗೆ ಸರಿಯಾಗಿ ಕೂರುವಂತೆ ಮತ್ತೆ ಹೊಲಿದುಕೊಟ್ಟ. ಇಂಥ ಹೆಂಗಸಿಗೆ ಇಂಥ ಅಂಗಿ ಎಂದು ಯಾವ ಪುಸ್ತಕದಲ್ಲೂ ಇಲ್ಲದ ಅಳತೆ ಅದು.

ಇನ್ನು ತಂಗಿ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು, ಇಪ್ಪತ್ತೇಳರ ಹುಡುಗಿ, ಮನೆಯಲ್ಲಿ ಈಗಲೂ ಎಲ್ಲರ ಬಾಯಲ್ಲೂ ಪುಟ್ಟಿ. ಅಪ್ಪ ಗುಟ್ಟಾಗಿರಲಿ ಎಂದದ್ದನ್ನು ಅಕ್ಕ ತನ್ನ ಫಲಿತಾಂಶ ಬಂದ ದಿನವೇ ಅವಳಿಗೆ ಹೇಳಿದ್ದಳು. ಪುಟ್ಟಿಯೂ ರಕ್ತ ಕೊಟ್ಟುಬಂದಳು. ಅವಳಿಗೂ ಅದೇ ಗುರುತು ಇದೆ ಎಂದು ಬಂತು. ಸ್ಕ್ಯಾನು ಮಾತ್ರ ಸ್ವಚ್ಛ. ವರ್ಷವರ್ಷ ನೋಡುತ್ತಿರಬೇಕು ಎಂದರು.

ಮದುವೆಯ ಮಾತಿಗೆ ಬಂದವರು ಒಂದು ಸಂಜೆ ಚಹಾ ಕುಡಿಯುತ್ತಾ, "ಅಕ್ಕನಿಗೆ ಏನೋ ಆಪರೇಷನ್ ಆಯ್ತಂತೆ?" ಎಂದು ಕೇಳಿದರು. ಅಪ್ಪ ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಪುಟ್ಟಿ ಹೇಳಿದಳು: "ಸ್ತನ ಕ್ಯಾನ್ಸರ್. ನಮ್ಮ ವಂಶದಲ್ಲೇ ಇದೆ. ನನ್ನ ರಕ್ತದಲ್ಲೂ ಇದೆ. ಬಂದೇ ಬರುತ್ತೆ ಅಂತ ಅಲ್ಲ, ಬಂದ್ರೆ ಬೇಗ ಹಿಡೀಬೇಕು, ಅದಕ್ಕೆ ಪ್ರತಿ ವರ್ಷ ತೋರಿಸ್ಕೊಳ್ತೀನಿ." ಬಂದವರು ಚಹಾ ಅರ್ಧಕ್ಕೇ ಬಿಟ್ಟು, ತಿಳಿಸ್ತೀವಿ ಎಂದು ಎದ್ದರು. ತಿಳಿಸಲಿಲ್ಲ.

"ಹೋದ್ರೆ ಹೋಗ್ಲಿ, ರಸ್ತೆ ಖಾಲಿ ಆಯ್ತು," ಎಂದು ಪುಟ್ಟಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಳಗೆ ನಲ್ಲಿ ಬಹಳ ಹೊತ್ತು ಹರಿಯುತ್ತಿತ್ತು. ಅಕ್ಕ ಹೋಗಿ ಅವಳ ಪಕ್ಕ ನಿಂತು ಲೋಟ ಒರೆಸಿದಳು.

ದೊಡ್ಡಪ್ಪನಿಗೆ ಎಂಬತ್ತು ತುಂಬಿದಾಗ ಅವರ ಮಕ್ಕಳು ಮನೆಯವರನ್ನೆಲ್ಲ ಊಟಕ್ಕೆ ಕರೆದರು. ಅಪ್ಪನ ಕಡೆಯ ಎಲ್ಲರೂ ಅಲ್ಲಿದ್ದರು. ದೊಡ್ಡಪ್ಪನ ಹೆಣ್ಣುಮಕ್ಕಳು, ಮೊಮ್ಮಕ್ಕಳು, ದೂರದೂರಿನಿಂದ ಬಂದ ಚಿಕ್ಕತ್ತೆ, ಅಂದರೆ ಅಪ್ಪನ ಕೊನೆಯ ತಂಗಿ. ಬ್ರೇಕಮ್ಮ ಗಂಡ ಹೊಲಿದ ಚಪ್ಪಟೆ ಅಂಗಿ ತೊಟ್ಟು, ಅದೇ ತಾನೇ ಮೊಳೆಯುತ್ತಿದ್ದ ಕೂದಲನ್ನು ಮುಚ್ಚಿಕೊಳ್ಳದೆ ಬಂದಳು. ಎಲ್ಲರೂ ಅವಳನ್ನು ಬಹಳ ಪ್ರೀತಿಯಿಂದ ಮಾತಾಡಿಸಿದರು, ಕತ್ತಿನಿಂದ ಕೆಳಗೆ ಮಾತ್ರ ಯಾರೂ ನೋಡಲಿಲ್ಲ.

ಊಟ ಮುಗಿದು ಎಲ್ಲರೂ ಹಜಾರದಲ್ಲಿ ಕೂತಿದ್ದಾಗ ಅವಳು ಎದ್ದುನಿಂತಳು. ಭಾಷಣ ಅವಳಿಗೆ ಬರುತ್ತಿರಲಿಲ್ಲ. ಕಾರಿನಲ್ಲಿ ಮಾತಾಡಿದ ಹಾಗೇ ಮಾತಾಡಿದಳು.

"ಇಲ್ಲಿರೋ ಹೆಣ್ಣುಮಕ್ಕಳೆಲ್ಲ ಕೇಳಿ. ನಮ್ಮ ಅಜ್ಜಿ, ಅತ್ತೆ ಹಾರ್ಟಿನ ನೋವಿಂದ ಸಾಯಲಿಲ್ಲ. ಮೊಲೆಯ ಕ್ಯಾನ್ಸರಿಂದ ಸತ್ತರು. ಅದು ನನಗೂ ಬಂತು. ನಿಮ್ಮಲ್ಲಿ ಯಾರಿಗೆ ಇರಬಹುದು, ಯಾರಿಗೆ ಇಲ್ಲ, ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ. ವಯಸ್ಸಾಗಲಿ ಅಂತ ಕಾಯಬೇಡಿ."

"ಕೂತ್ಕೋ," ಎಂದರು ದೊಡ್ಡಪ್ಪ. ಎಂಬತ್ತಾದರೂ ಅವರ ಧ್ವನಿ ಗೋಡೆಗೆ ಹೊಡೆದು ವಾಪಸು ಬರುತ್ತಿತ್ತು. "ಗಂಡಸರು, ಮಕ್ಕಳು ಕೂತಿರೋ ಜಾಗದಲ್ಲಿ ಇದೇನು ಮಾತು? ಮಾನ ಮರ್ಯಾದೆ ಇಲ್ವಾ?"

"ಮರ್ಯಾದೆ ಇದೆ ದೊಡ್ಡಪ್ಪ, ಮೊಲೆ ಇಲ್ಲ. ನಿಮ್ಮ ಕಾಲದಲ್ಲಿ ಯಾರಾದ್ರೂ ಬಾಯಿ ಬಿಟ್ಟಿದ್ರೆ ಒಂದಾದ್ರೂ ಉಳೀತಿತ್ತೋ ಏನೋ."

ಯಾರೋ ಮಕ್ಕಳನ್ನು ಹೊರಗೆ ಎಳೆದುಕೊಂಡು ಹೋದರು. ದೊಡ್ಡಪ್ಪನ ದೊಡ್ಡ ಮಗಳು, ಇವಳಿಗೆ ಅಕ್ಕನಾಗಬೇಕಾದವಳು, "ಸಾಕು ಸುಮ್ನಿರೇ, ಅಪ್ಪನಿಗೆ ಬಿಪಿ ಇದೆ" ಎಂದು ಅವಳ ತೋಳು ಜಗ್ಗಿದಳು. "ಸುಳ್ಳು ಹಬ್ಬಿಸಬೇಡ. ನನ್ನ ತಂಗಿಗೆ ಎದೆನೋವೇ ಇದ್ದದ್ದು," ಎಂದರು ದೊಡ್ಡಪ್ಪ.

ಆಗ ಮೂಲೆಯಲ್ಲಿ ಕೂತಿದ್ದ ಅಮ್ಮ ಎದ್ದಳು. ಆ ಮನೆಯಲ್ಲಿ ಅಮ್ಮ ಭಾವನೆದುರು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ನಾನು ತೊಳೀತಿದ್ದೆ," ಎಂದಳು. "ಹತ್ತಿ ಇಟ್ಟು, ಬಟ್ಟೆ ಸುತ್ತಿ. ವಾಸನೆ ಬರುತ್ತೆ ಅಂತ ಆ ಕೋಣೆ ಬಾಗಿಲು ಹಾಕಿರೋಕೆ ಹೇಳಿದ್ದು ನೀವೇ ಭಾವ. ಒಂದು ಸಲ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಅವರು ನನ್ನ ಕೈ ಹಿಡ್ಕೊಂಡು ಕೇಳ್ತಿದ್ರು. ನಾನು ನಿಮ್ಮ ಹತ್ರ ಬಂದು ಹೇಳ್ದೆ. ತಂಗಿ ಮದುವೆ ಆಗಲಿ ಅಂದ್ರಿ. ಮದುವೆ ಆಯ್ತು. ಅಷ್ಟರಲ್ಲಿ ಅದು ಒಡೆದಿತ್ತು."

"ಯಾವ ತಂಗಿ?" ಎಂದು ಯಾರೋ ಕೇಳಿದರು. ಕೇಳಿದವಳು ಚಿಕ್ಕತ್ತೆ. ಎಲ್ಲರೂ ಅವಳನ್ನೇ ನೋಡುತ್ತಿದ್ದುದರಿಂದ ಅವಳಿಗೆ ಉತ್ತರ ಬೇಕಾಗಲಿಲ್ಲ.

"ನನ್ನ ಮದುವೆಗೋಸ್ಕರಾನಾ?" ಎಂದಳು. "ಅಕ್ಕನ್ನ ಹಾಗೇ ಬಿಟ್ಟಿದ್ದು ನನ್ನ ಮದುವೆಗೋಸ್ಕರಾನಾ ಅಣ್ಣ?"

"ನಿನ್ನ ಒಳ್ಳೇದಕ್ಕೇ ಅಲ್ವೇನಮ್ಮ..."

"ನನ್ನನ್ನ ಒಂದು ಮಾತು ಕೇಳಿದ್ರಾ? ಆ ಮದುವೇಲಿ ನಾನೇನು ಸುಖ ಸುರ್ಕೊಂಡೆ ಅಂತ ನಿಮಗೇ ಗೊತ್ತಲ್ಲ. ಅದಕ್ಕೆ ನನ್ನ ಅಕ್ಕನ್ನ ಕೊಟ್ರಾ?" ಚಿಕ್ಕತ್ತೆ ಎದ್ದಳು, ನಿಧಾನವಾಗಿ ನಡೆದು ಬಂದು ಅಮ್ಮನ ಪಕ್ಕ ನಿಂತಳು. "ಈ ಹುಡುಗಿ ಮಾತಾಡಲಿ. ಯಾರು ತಡೀತಾರೋ ನೋಡ್ತೀನಿ."

ದೊಡ್ಡಪ್ಪ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಂಡಸರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಜಾರಿದರು. ಅಪ್ಪ ಮಾತ್ರ ಕೂತಲ್ಲೇ ಕೂತಿದ್ದರು. ಕೈಯಲ್ಲಿ ಪೇಪರು ಇರಲಿಲ್ಲ. "ಅಜ್ಜಿಯ ತಂಗಿಯ ವಿಷಯಾನೂ ಹೇಳು," ಎಂದರು ಮಗಳಿಗೆ.

ಆಮೇಲೆ ಹೆಂಗಸರು ಅಡುಗೆಮನೆಯಲ್ಲಿ ಅವಳನ್ನು ಸುತ್ತಿಕೊಂಡರು. ನೋಯುತ್ತಾ, ಸೂಜಿ ಎಷ್ಟು ದಪ್ಪ, ಪರೀಕ್ಷೆ ಮಾಡುವವರು ಹೆಂಗಸರೇನಾ, ಹಾಲು ಕುಡಿಸುವವರೂ ಹೋಗಬಹುದಾ, ಗಂಡುಮಕ್ಕಳಿಗೂ ಈ ಗುರುತು ಇರುತ್ತಾ. ತೋಳು ಜಗ್ಗಿದ ಅಕ್ಕ ಮಾತ್ರ ಬಾಗಿಲಲ್ಲೇ ನಿಂತು, "ನನಗೇನೂ ಆಗಿಲ್ಲಪ್ಪ, ನಾನು ಹೋಗಲ್ಲ" ಎಂದಳು. ಒಬ್ಬ ಹುಡುಗಿ ಅಂಗಿ ಸ್ವಲ್ಪ ಸರಿಸಿ ಗೀರು ತೋರಿಸುತ್ತೀರಾ ಎಂದು ಕೇಳಿದಳು. ಬ್ರೇಕಮ್ಮ ಬಾಗಿಲು ಹಾಕಿಸಿ, ಅಂಗಿಯ ಗುಂಡಿ ಬಿಚ್ಚಿ, ಎಲ್ಲರಿಗೂ ತೋರಿಸಿದಳು. ಚಿಕ್ಕತ್ತೆ ಬೆರಳ ತುದಿಯಿಂದ ಆ ಗೀರನ್ನು ಆ ಕಡೆಯಿಂದ ಈ ಕಡೆಯವರೆಗೂ ಮುಟ್ಟಿ ನೋಡಿದಳು.

ಕೆಲವು ವಾರಗಳ ಮೇಲೆ ಶಾಲೆಯ ಕೋಣೆಗೆ ಫೋನು ಬಂತು. ದೊಡ್ಡಪ್ಪ.

"ಆ ಆಸ್ಪತ್ರೆ ಎಲ್ಲಿದೆ?"

"ಯಾವ ಆಸ್ಪತ್ರೆ ದೊಡ್ಡಪ್ಪ?"

"ಅದೇ. ನೀನು ಹೋದದ್ದು. ಮಗಳನ್ನ ಕಳಿಸ್ತೀನಿ. ದೊಡ್ಡವಳನ್ನ. ಹೋಗಲ್ಲ ಅಂತಿದ್ಲು, ನಾನೇ ಬೈದೆ."

"ಯಾವುದಕ್ಕೆ ತೋರಿಸಬೇಕು?"

ಆ ಕಡೆ ಬರೀ ಉಸಿರಿನ ಸದ್ದು. ಅವಳೂ ಬಿಡಲಿಲ್ಲ, ಸುಮ್ಮನೆ ಕಾದಳು. ಎದುರಿಗೆ ಅಪ್ಪ ಬೇಡ, ಪಾಪ, ಎಂದು ಕೈಸನ್ನೆ ಮಾಡುತ್ತಿದ್ದರು.

"ಸ್ತನಕ್ಕೆ," ಎಂದರು ದೊಡ್ಡಪ್ಪ ಕೊನೆಗೆ, ಪುಸ್ತಕದ ಮಾತಿನ ಮರೆಯಲ್ಲಿ ನಿಂತು.

"ನಾನೇ ಕರ್ಕೊಂಡು ಹೋಗ್ತೀನಿ," ಎಂದಳು ಅವಳು.

ಹಾಗೇ ಮಾಡಿದಳು. ಪುಟ್ಟಿಯ ವರ್ಷದ ಪರೀಕ್ಷೆಯೂ ಅದೇ ದಿನ ಬಿದ್ದಿತ್ತು. ಮೂವರೂ ಶಾಲೆಯ ಕಾರಿನಲ್ಲೇ ಹೋದರು. ಸ್ಕ್ಯಾನಿನ ಕೋಣೆಯ ಹೊರಗೆ ಉದ್ದನೆಯ ಬೆಂಚು, ಅದರ ಮೇಲೆ ಹಿಂದೆ ಗಂಟು ಹಾಕುವ ತೆಳು ನಿಲುವಂಗಿ ತೊಟ್ಟ ಹೆಂಗಸರ ಸಾಲು. ದೊಡ್ಡಪ್ಪನ ಮಗಳು, ಆ ಅಕ್ಕ, ಗಾಬರಿಯಲ್ಲಿ ನಿಲುವಂಗಿಯನ್ನು ಹಿಂದುಮುಂದಾಗಿ ತೊಟ್ಟಿದ್ದಳು; ಪುಟ್ಟಿ ಅದನ್ನು ಬಿಚ್ಚಿ ಸರಿಯಾಗಿ ತೊಡಿಸಿದಳು.

"ನೀನು ಮೊದಲು ಹೋಗು," ಎಂದಳು ಅಕ್ಕ.

"ದೊಡ್ಡವಳು ನೀನು, ನೀನೇ ಹೋಗು," ಎಂದಳು ಪುಟ್ಟಿ.

"ಏನಾದ್ರೂ ಸಿಕ್ಕಿಬಿಟ್ರೆ?"

"ಸಿಗಲಿ ಅಂತಲೇ ಅಲ್ವಾ ಹುಡುಕೋದು?" ಎಂದಳು ಬ್ರೇಕಮ್ಮ. ಬೆಂಚಿನ ಮೇಲಿದ್ದ ಬೇರೆ ಹೆಂಗಸರೂ ತಿರುಗಿ ನೋಡಿದರು. ಅವಳ ಧ್ವನಿ ಎಂದಿನಂತೆ ಆ ತುದಿಗೂ ಕೇಳಿಸಿತ್ತು.

ಒಳಗಿನಿಂದ ಕರೆದರು. ಅಕ್ಕ ಹೋದಳು, ಬಂದಳು. ಆಮೇಲೆ ಪುಟ್ಟಿ ಹೋದಳು. ಫಲಿತಾಂಶ ಮುಂದಿನ ವಾರ ಎಂದರು. ಮೂವರೂ ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಕ್ಕನಿಗೆ ಇದ್ದಕ್ಕಿದ್ದಂತೆ ವಿಪರೀತ ಹಸಿವಾಯಿತು. ಎದುರಿನ ಹೋಟೆಲಿನಲ್ಲಿ ಕೂತು, ಇನ್ನೂ ಏನೂ ಗೊತ್ತಿಲ್ಲದೆಯೇ, ಮೂವರೂ ಹೊಟ್ಟೆ ತುಂಬ ಉಂಡರು. ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ ಕಾರು ತರಬೇಕು ಎಂದು ಬ್ರೇಕಮ್ಮ ಅಲ್ಲೇ ಗೊತ್ತುಮಾಡಿದಳು.